ಸಿದ್ದಪ್ಪನಿಗೆ ಕೊಡದ ಸುತ್ತಿಗೆ

ಅಪ್ಪಯ್ಯಾ,

ಮೊದಲು ಪೂರ್ತಿ ಓದು, ಆಮೇಲೆ ಬೇಕಾದಷ್ಟು ಬೈ. ಸಿದ್ದಪ್ಪನನ್ನು ನಾನು ಕೆಲಸದಿಂದ ಬಿಡಿಸಿದೆ. ಹೌದು, ಮೂವತ್ತು ವರ್ಷ ನಿನ್ನ ಎದುರು ಕೂತು ಹಿತ್ತಾಳೆ ಬಡಿದ, ಜಡೆ ಊರಿನ ಸಿದ್ದಪ್ಪನನ್ನೇ.

ಶಿಕಾರಿಪುರದ ನಮ್ಮ ಬೀದಿಗೆ ಕಾಲಿಟ್ಟವರು ಆಗ ಕೂಗಿ ಮಾತಾಡಬೇಕಿತ್ತು, ನೆನಪಿದೆಯಾ? ಏಳು ಮನೆಗಳಲ್ಲಿ ಬಡಿತ. ನಮ್ಮ ಕುಲುಮೆಯಲ್ಲೇ ಆರು ಜನ. ಹುಬ್ಬಳ್ಳಿ ಕಡೆಯೂ ಸೇರಿ ಹೊಸ ರಾಜ್ಯವಾದ ವರ್ಷ ಅಲ್ಲಿಂದ ಲಾರಿಯಲ್ಲಿ ಅಲ್ಯೂಮಿನಿಯಂ ಪಾತ್ರೆ ಬರತೊಡಗಿತಲ್ಲ, ಅಲ್ಲಿಂದ ಒಂದೊಂದೇ ಕುಲುಮೆ ಆರಿತು. ಉಳಿದದ್ದು ನಮ್ಮದೊಂದು, ಅದರಲ್ಲಿ ಸಿದ್ದಪ್ಪನೊಬ್ಬ.

ಈ ಸಲ ಉಳವಿಯ ಗೌಡರು ಬಂದಿದ್ದರು. ಅವರ ಮನೆಯ ಮದುವೆ ಎಂದರೆ ಹಂಡೆ, ಕೊಳಗ, ಬಿಂದಿಗೆ ಎಲ್ಲ ನಮ್ಮಲ್ಲೇ ಆಗಬೇಕು, ಅಲ್ಲವೇ? ಹಳೆಯ ಹಂಡೆಗೆ ತೇಪೆ ಹಾಕಿಸಿಕೊಂಡು, "ಬೀಗರು ಅಲ್ಯೂಮಿನಿಯಮ್ಮೇ ಬೇಕು ಅಂದಾರೆ ಕಣೋ. ಹಗುರಂತೆ, ಹುಣಸೆಹಣ್ಣು ಹಾಕಿ ತಿಕ್ಕೋ ರಗಳೆ ಇಲ್ವಂತೆ" ಎಂದರು. ಮೈ ಉರಿಯಿತು. ಮದುವೆ ಕಾಲದ ಕೆಲಸವೇ ಹೋದರೆ ಇಬ್ಬರಿಗೆ ಕೆಲಸ ಎಲ್ಲಿಂದ ತರಲಿ...

ನೀನು ಕಣ್ಣು ಮುಚ್ಚಿದ ಮೇಲೆ ಮೊದಲ ಆಯುಧ ಪೂಜೆ ಬಂತು. ಪೂಜೆಗಿಟ್ಟ ಸುತ್ತಿಗೆಗಳನ್ನು ಮರುದಿನ ಎಲೆಯಡಿಕೆ ಜೊತೆ ನೀನೇ ಒಬ್ಬೊಬ್ಬರ ಕೈಗೆ ಕೊಡುತ್ತಿದ್ದೆ. ಬರೀ ಎಲೆಯಡಿಕೆ ಸಿಕ್ಕವನಿಗೆ ಆ ವರ್ಷ ಕೆಲಸವಿಲ್ಲ ಎಂದು ಲೆಕ್ಕ. ನಿನ್ನ ಕಾಲದಲ್ಲಿ ಹಾಗಾದದ್ದನ್ನು ನಾನು ನೋಡಿಲ್ಲ; ಹೋದವರೆಲ್ಲ ತಾವಾಗಿಯೇ ಹೋದರು. ಆದರೂ ಬಾಯಿಬಿಟ್ಟು ಹೇಳುವ ಸಂಕಟ ತಪ್ಪುತ್ತದೆ, ಹಾಗೇ ಮುಗಿಸೋಣ ಅಂದುಕೊಂಡೆ. ಹೇಡಿಯ ಉಪಾಯ, ಗೊತ್ತು.

ಪೂಜೆಯ ಮರುದಿನ ಬೆಳಿಗ್ಗೆ ಸಿದ್ದಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದ. ನಾನು ಎಲೆಯಡಿಕೆ ತಟ್ಟೆ ಎತ್ತಿಕೊಳ್ಳುವ ಮೊದಲೇ, ಹೂವಿನ ನಡುವಿನಿಂದ ನಿನ್ನ ಸುತ್ತಿಗೆ ತೆಗೆದು ನನ್ನೆದುರು ಹಿಡಿದ.

"ಇದೇನು ಸಿದ್ದಪ್ಪಣ್ಣ?"

"ನಿಂಗೆ ಗೊತ್ತಿಲ್ಲೇನೋ ತಮ್ಮ? ಮೊದ್ಲು ಹಿರೇ ಆಳು ಯಜಮಾನಂಗೆ ಕೊಡಬೇಕು. ಆಮೇಲೆ ಯಜಮಾನ ಉಳಿದೋರಿಗೆ ಕೊಡೋದು. ನಿಮ್ಮಪ್ಪಯ್ಯಂಗೆ ಪ್ರತಿ ವರ್ಷ ನಾನೇ ಕೊಡ್ತಿದ್ದೆ. ಹಿಡ್ಕೋ."

ಇದನ್ನು ನನಗೆ ಯಾಕೆ ಹೇಳಲಿಲ್ಲ ನೀನು? ನಾವು ಮಕ್ಕಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಆಗಿಹೋಗಿರುತ್ತಿತ್ತೇನೋ. ಮೊದಲೇ ಗೊತ್ತಿದ್ದರೆ ನಾನು... ಏನು ಮಾಡುತ್ತಿದ್ದೆನೋ. ಸುತ್ತಿಗೆ ತೆಗೆದುಕೊಂಡೆ ಅಪ್ಪಯ್ಯ. ತೆಗೆದುಕೊಂಡು, ಅವನ ಕೈಗೆ ಬರೀ ಎಲೆಯಡಿಕೆ ಇಟ್ಟೆ.

ಚಾಚಿದ ಕೈಯನ್ನು ಅವನು ಹಿಂದಕ್ಕೆ ತೆಗೆಯಲಿಲ್ಲ. "ಸುತ್ತಿಗೆ ಮರ್ತ್ಯಲ್ಲ ತಮ್ಮ" ಎಂದು ನಕ್ಕೂಬಿಟ್ಟ. ನಾನು ನೆಲ ನೋಡಿದೆ. ಆಗ ಅವನಿಗೆ ಅರ್ಥವಾಯಿತು. ಚಪ್ಪಲಿ ಮೆಟ್ಟಿಕೊಂಡು ತನ್ನೂರಿನ ಬಸ್ಸಿಗೆ ಹೋದ.

ಇಂದಿಗೆ ಹನ್ನೆರಡು ದಿನ. ಕೆಲಸ ಕೊಡಲು ನನ್ನಿಂದಾಗದು, ಅದು ಸುಳ್ಳಲ್ಲ. ಆದರೆ ನನ್ನನ್ನು ಯಜಮಾನನೆಂದು ಒಪ್ಪಿ ಸುತ್ತಿಗೆ ಕೊಟ್ಟವನಿಗೆ ಒಂದು ಮಾತೂ ಆಡದೆ ಕಳಿಸಿದೆನಲ್ಲ! ನಾಳೆ ಬೆಳಗಿನ ಬಸ್ಸಿಗೆ ಜಡೆಗೆ ಹೋಗುತ್ತೇನೆ. "ಸಿದ್ದಪ್ಪಣ್ಣ, ನಾನು ಮರೆತಿರಲಿಲ್ಲ. ಕೆಲಸ ಇಲ್ಲ, ಅದನ್ನು ಹೇಳೋಕೆ ಹೆದರಿದೆ" ಎನ್ನುತ್ತೇನೆ. ಅವನು ಬಾಗಿಲು ತೆಗೆದರೆ ಮುಖ ನೋಡಿ ಹೇಳುತ್ತೇನೆ. ತೆಗೆಯದಿದ್ದರೆ ಅಂಗಳದಲ್ಲೇ ನಿಂತು, ಒಳಗಿರುವವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ.