ಹುಳಗಂಜಿ ಸತ್ತ ಚಳಿಗಾಲ

ಹಿರೇಸಂಕ,
ಫೆಬ್ರುವರಿ ೩೦, ೨೧೮೭

ದಿನಾಂಕ ತಪ್ಪಲ್ಲ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಾನು ದಾಕ್ಷಾಯಣಿ, ಈ ಪುಟ್ಟ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಮುಖ್ಯಸ್ಥೆ. ನೂರೈವತ್ತು ವರ್ಷಗಳ ಹಿಂದೆ, ನಿಮ್ಮ ಕಾಲದಲ್ಲಿ ನೀವು ಕಟ್ಟಿಸಿದ ತೊಟ್ಟಿಗಳನ್ನೇ ಇಂದಿಗೂ ಬಳಸುತ್ತಿದ್ದೇವೆ. ಊರಿನ ಬಚ್ಚಲು, ಪಾಯಖಾನೆಗಳ ನೀರೆಲ್ಲ ಇಲ್ಲಿಗೆ ಬರುತ್ತದೆ. ಕಸ, ಮರಳು ಸೋಸಿದ ಮೇಲೆ ಅದನ್ನು ಗಾಳಿ ಊದುವ ತೊಟ್ಟಿಗೆ ಬಿಡುತ್ತೇವೆ. ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೊಳೆಯನ್ನು ತಿಂದು ಬದುಕುತ್ತವೆ. ಅವುಗಳಿಂದ ತುಂಬಿದ ಕಂದು ನೀರಿಗೆ ನಾವು ಹುಳಗಂಜಿ ಎನ್ನುತ್ತೇವೆ. ಅದು ಆರೋಗ್ಯವಾಗಿದ್ದರೆ ಹಸಿ ಮಣ್ಣಿನ ವಾಸನೆ. ಆಮೇಲೆ ತಿಳಿಯಾದ ನೀರು ಚಂದ್ರಿ ಹೊಳೆ ಸೇರುತ್ತದೆ. ಕೆಳಗಿನ ತೊರೆಯೂರಿನವರು ಕುಡಿಯುವುದು ಅದೇ ಹೊಳೆಯ ನೀರು.

ಹಿಂದಿನ ವರ್ಷ ಚಳಿಗಾಲದಲ್ಲಿ ಹುಳಗಂಜಿ ಬೂದುಬಣ್ಣಕ್ಕೆ ತಿರುಗಿ ಸತ್ತುಹೋಯಿತು. ಹೊಳೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು. ನಾನು ಸಂತೆಗೆ ಹೋದರೆ ಜನ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ತೊರೆಯೂರಿನ ಮೀನುಗಾರ್ತಿ ಅಂಬಿಗೇರ ತುಂಗವ್ವ ಘಟಕಕ್ಕೇ ಬಂದು, ಸತ್ತ ಮೀನಿನ ಬುಟ್ಟಿಯನ್ನು ನನ್ನೆದುರು ಸುರಿದಳು.

"ಕರೆಂಟ್ ಉಳಸಾಕ ಗಾಳಿ ಮಷೀನ್ ಬಂದ್ ಮಾಡಿದ್ರೇನ್ರಿ ಬಾಯಾರ?"

"ಇಲ್ಲವ್ವ. ಯಾರೋ ಚರಂಡಿಗೆ ವಿಷ ಬಿಡಾಕತ್ತಾರ. ಹುಡುಕಾಕ ಹೊಂಟೇನಿ."

"ಹಂಗಾರ ನಾನೂ ಬರತೇನಿ. ನಿಮ್ಮನ್ನ ಒಬ್ಬಾಕಿನ್ನ ಬಿಟ್ರ ಯಾರ ಮ್ಯಾಲರ ಹಾಕಿ ಬರತೀರಿ."

ನನಗೂ ಅವಳ ಮೇಲೆ ನಂಬಿಕೆಯಿರಲಿಲ್ಲ. ಹುಳಗಂಜಿಯನ್ನು ಕೊಂದದ್ದು ಚರಂಡಿಯ ವಿಷವೇ ಆದರೂ, ಅವಳ ಊರಿನವರೂ ಮೀನು ಹಿಡಿಯಲು ಹೊಳೆಗೆ ಏನಾದರೂ ಬೆರೆಸಿದ್ದರೆ? ಹೀಗೆ ಒಬ್ಬರನ್ನೊಬ್ಬರು ಕಾಯುತ್ತಲೇ ನಾವಿಬ್ಬರೂ ಒಂದೊಂದೇ ಮ್ಯಾನ್‌ಹೋಲ್ ಮುಚ್ಚಳ ತೆಗೆಸುತ್ತ ನಡೆದೆವು. ಪರೀಕ್ಷೆಯ ಕಾಗದ ಆಮ್ಲಕ್ಕೆ ಕೆಂಪಾಗುತ್ತದೆ. ಎಲ್ಲೂ ಆಗದ್ದು ಬಡಿಗೇರ ಓಣಿಯ ತಿರುವಿನಲ್ಲಿ ಕೆಂಪಾಯಿತು. ಆ ಕವಲು ಹೋಗಿ ನಿಂತದ್ದು ಪಾತ್ರೆಗಳನ್ನು ಆಮ್ಲದಲ್ಲಿ ತೊಳೆದು ಲೋಹದ ಲೇಪ ಹಾಕುವ ಒಂದು ಶೆಡ್ಡಿನ ಹಿಂದೆ. ಅದು ನನ್ನ ಸ್ವಂತ ಅಣ್ಣ ನೀಲಕಂಠನದು.

ತುಂಗವ್ವ ಚರಂಡಿ ನೋಡಲಿಲ್ಲ. ನನ್ನ ಮುಖ ನೋಡಿದಳು.

ಅಣ್ಣ ನಗುತ್ತಲೇ ಹೊರಬಂದ. "ತೊಟ್ಟಿ ನಿಂದೈತಿ, ಸ್ವಚ್ಛ ಮಾಡೂದು ನಿನ್ನ ಕೆಲಸ. ಮನೀ ಮಾತು ಬೀದಿಗ್ಯಾಕ ತರತೀ, ತಂಗೀ?"

ಕೆಂಪಾದ ಕಾಗದವನ್ನು ಅವನ ಮುಂದೆ ಹಿಡಿದೆ. "ನಿನ್ನ ಆಮ್ಲ ತಿಂದು ಬದುಕೋ ಜೀವ ನನ್ನ ತೊಟ್ಟಿಯೊಳಗ ಇಲ್ಲಣ್ಣ" ಎಂದೆ. ಅಲ್ಲೇ ನಿಂತು ಅವನ ಚರಂಡಿಯ ಬಾಯಿಗೆ ಸಿಮೆಂಟು ಹಾಕಿಸಿದೆ.

ಪಕ್ಕದ ಊರಿನ ಘಟಕದಿಂದ ಟ್ಯಾಂಕರಿನಲ್ಲಿ ಜೀವಂತ ಹುಳಗಂಜಿ ತಂದು, ಹಾಲಿಗೆ ಹೆಪ್ಪು ಹಾಕಿದಂತೆ ನಮ್ಮ ತೊಟ್ಟಿಗೆ ಸುರಿದೆವು. ಯುಗಾದಿಯ ಹೊತ್ತಿಗೆ ನೀರು ಮತ್ತೆ ಕಂದಾಯಿತು, ಮಳೆಗಾಲಕ್ಕೆ ಹೊಳೆಗೆ ಮೀನು ಮರಳಿದವು. ನಾಗರ ಪಂಚಮಿಗೆ ಅಣ್ಣ ನನ್ನನ್ನು ತವರಿಗೆ ಕರೆಯಲು ಬರಲಿಲ್ಲ. ತುಂಗವ್ವ ಮಾತ್ರ ಈಗಲೂ ಹೇಳದೆ ಕೇಳದೆ ಬಂದು ತೊಟ್ಟಿಗೆ ಬಗ್ಗಿ ನೋಡಿ ಹೋಗುತ್ತಾಳೆ. ಅವಳು ನನ್ನನ್ನು ಇನ್ನೂ ನಂಬಿಲ್ಲ, ನಂಬೆಂದು ನಾನೂ ಕೇಳಿಲ್ಲ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೀರು ತಿಳಿಯಾಗಿದೆಯೆಂದು ಸುಮ್ಮನಿರಬೇಡಿ. ಅದನ್ನು ಕಾಯುವವರನ್ನು ಶಂಕಿಸಿ, ನಿಮ್ಮ ಮನೆಯವರನ್ನು ಅವರಿಗಿಂತ ಮೊದಲು. ಕಾಲದ ಹೊಳೆಯಲ್ಲಿ ನಾವೆಲ್ಲ ನಿಮಗಿಂತ ಕೆಳಗಿನ ದಡದವರು. ನಿಮ್ಮ ಕಾಲಕ್ಕೆ ಬಂದು, ನೀರಿಗೆ ಏನು ಬಿಡುತ್ತಿದ್ದೀರೆಂದು ಕೇಳಲು ನಮಗೆ ದಾರಿಯಿಲ್ಲ. ನಮ್ಮ ಪರವಾಗಿ ನೀವೇ ಕೇಳಿ.