ಮುದಿ ಎಲೆ ನಿನ್ನ ಪಾಲಿಗೆ

ಮುದನಾಳ, ಶ್ರಾವಣ ಮಾಸ

ನನ್ನ ಮೊಮ್ಮಗ ಮೌನಪ್ಪನ ಹೆಂಡತಿ ಶಂಕ್ರಮ್ಮನಿಗೆ, ತವರು ಬೋನಾಳಕ್ಕೆ, ಮರಿಲಿಂಗಮ್ಮ ಬರೆಯುವುದು.

ನಿಮ್ಮಣ್ಣ ಅಯ್ಯಣ್ಣ ಇದನ್ನು ಓದಿ ಹೇಳುತ್ತಾನೆ. ಅಯ್ಯಣ್ಣ, ನನ್ನ ತಪ್ಪಿನ ಮಾತು ಬಂದಾಗ ಒಂದಕ್ಷರವನ್ನೂ ನುಂಗಬೇಡ.

ಶಂಕ್ರಮ್ಮ, ನಿನ್ನ ಕೈ ಸೋಮಾರಿಯಾಗಿರಲಿಲ್ಲ. ರೊಟ್ಟಿ ಬಡಿಯುವಾಗ ಮಣಿಕಟ್ಟು ಜೋತುಬಿದ್ದರೆ "ತವರಾಗ ಬರೀ ಬೆಣ್ಣಿ ಮುಟ್ಟಿದ ಕೈ ಏನ ಇವು?" ಎಂದು ಓಣಿಗೆಲ್ಲ ಕೇಳುವಂತೆ ಆಡಿಕೊಂಡೆ. ಐದು ತಿಂಗಳ ಬಸಿರು ಇಳಿದಾಗಲೂ ನನ್ನ ಬಾಯಿ ನಿಲ್ಲಲಿಲ್ಲ. ಗಾಡಿ ಹತ್ತಿಸಿ ಕಳಿಸಿಬಿಟ್ಟೆ.

ಕೊಟ್ಟಿಗೆಯ ಹಿಂದಿನ ಪುಂಡಿಪಲ್ಯದ ಪಾತಿ ನೆನಪಿದೆಯಲ್ಲ? ರಜಾಕಾರರ ಗದ್ದಲದ ವರ್ಷ ನಮ್ಮ ಗಂಡಸರು ಅಲ್ಲಿಯೇ ಸೀಸ ಕರಗಿಸಿ ಬಂದೂಕಿನ ಗುಂಡು ಎರೆದಿದ್ದರು. ನಿಜಾಮನ ರಾಜ್ಯ ಹೋದ ಮೇಲೆ ಆ ನೆಲಕ್ಕೇ ಕುರಿಗೊಬ್ಬರ ಸುರಿದು ಬೀಜ ಚೆಲ್ಲಿದೆ. ಗಿಡ ಆಳೆತ್ತರ ಬಂತು. ಸೀಸ ಕರಗಿಸಿದ ನೆಲದ ಸೊಪ್ಪು ತಿನ್ನುವುದು ಬೇಡವೆಂದು ಪಕ್ಕದ ಮನೆಯ ದಾವಲಬೀ ಹೇಳಿದಳು. "ಗಿಡಕ್ಕ ಏನೂ ಆಗಿಲ್ಲ, ತಿಂದೋರಿಗೆ ಏನಾಗ್ತದ? ನಿನ್ನ ಹಿತ್ತಲ ನೀ ನೋಡಿಕೊ" ಎಂದೆ.

ನೀನು ಹೋದ ಮೇಲೆ ಮುದಿ ಎಲೆ ತಿನ್ನುವವರಿಲ್ಲದೆ ಆಡುಗಳಿಗೆ ಹಾಕಿದೆ. ಗಬ್ಬದ ಎರಡು ಆಡು ದಿನ ತುಂಬುವ ಮೊದಲೇ ಕಂದು ಹಾಕಿದವು. ಇನ್ನೊಂದು ಕಣ್ಣು ಕಾಣದೆ ಗೋಡೆಗೆ ಹಾಯ್ದು ಹಾಯ್ದು ಸತ್ತಿತು. ಯಾದಗಿರಿಯಿಂದ ಬಂದ ದನದ ಡಾಕ್ಟರು ಪಾತಿಯ ಕತೆ ಕೇಳಿ ಹೇಳಿದರು: "ಗಿಡ ಸಾಯಂಗಿಲ್ಲಬೇ. ಸೀಸದ ವಿಷಾನ ಬೇರಿನಾಗೇ ಕಟ್ಟಿ ಹಾಕ್ತದ. ಮೀರಿ ಮ್ಯಾಲ ಬಂದದ್ದನ್ನ ಹಳೇ ಎಲಿಗೆ ತಳ್ಳಿ, ಚಿಗುರು ಉಳಿಸಿಕೊಳ್ತದ."

ಎಳೆ ಚಿಗುರು ಆರಿಸಿ ಮೌನಪ್ಪನಿಗೂ ನನಗೂ ಬೇಯಿಸುತ್ತಿದ್ದೆ. ಉಳಿದ ಮುದಿ ಎಲೆ, ಕೊನೆಗೆ ಉಣ್ಣುವ ನಿನ್ನ ಪಾಲಿಗೆ. ನಮ್ಮತ್ತೆಯೂ ನನಗೆ ಹಾಗೆಯೇ ಬಡಿಸಿದ್ದಳು. ಗಿಡ ಎಳೆಯದನ್ನು ಕಾಯ್ದಿತು. ಮುದುಕಿ ನಾನು ಚಿಗುರು ತಿಂದೆ.

ಪಾತಿ ಕಿತ್ತು, ಮಣ್ಣು ಸಮೇತ ಆಳದ ಗುಂಡಿಗೆ ಹಾಕಿಸಿದ್ದೇನೆ. ಮೌನಪ್ಪನ ಎರಡನೇ ಮದುವೆಗೆಂದು ನೋಡಿದ್ದ ಸೈದಾಪುರದ ಹೆಣ್ಣಿನವರಿಗೆ ಬೇಡವೆಂದು ಹೇಳಿಬಂದೆ. ಯಾದಗಿರಿ ದವಾಖಾನೆಯಲ್ಲೂ ಕೇಳಿದೆ. ಆ ಪಲ್ಯ ಬಿಟ್ಟಿದ್ದರಿಂದ ನಿನ್ನ ಕೈಗೆ ನಿಧಾನಕ್ಕೆ ಶಕ್ತಿ ಬರಬಹುದಂತೆ. ಹೋದ ಕೂಸಿನ ಮಾತೆತ್ತಿದಾಗ, ಅದಕ್ಕೂ ಆ ಸೀಸವೇ ಕಾರಣವಿರಬಹುದು ಎಂದರು ಅಲ್ಲಿಯ ಡಾಕ್ಟರು.

ಮುಂದಿನ ವಾರ ಮೌನಪ್ಪ ಬರುತ್ತಾನೆ. ಅವನೊಂದಿಗೆ ಬಾ ಎನ್ನುವ ಬಾಯಿ ನನಗೆ ಉಳಿದಿಲ್ಲ. ಬರುವುದು ಬಿಡುವುದು ನಿನ್ನ ಮನಸ್ಸು. ಒಂದೇ ಕೇಳುತ್ತೇನೆ. ಕೂಸಿಗೆ ಏನು ಹೆಸರಿಡಬೇಕೆಂದಿದ್ದೆ? ಅದು ನಿನ್ನ ಹೊಟ್ಟೆಯಲ್ಲಿದ್ದಾಗ ನಾನು ಕೇಳಲೇ ಇಲ್ಲ.

ನಿನ್ನ ಬೆರಳಿಗೆ ಬಲ ಬರಲಿ, ತಾಯಿ.

ನಿನಗೆ ಅಜ್ಜಿಯಾಗದೆ ಹೋದ
ಮರಿಲಿಂಗಮ್ಮ