ನಲವತ್ತಮೂರನೇ ಪೆಟ್ಟಿಗೆಯ ಚೀಟಿ

ದಾಖಲೆ ವಿಭಾಗ, ನೆಲಮಾಳಿಗೆ
ಮಾರ್ಚ್ ೧೪, ಗುರುವಾರ

ಪ್ರೀತಿಯ ಗೊರಕೆ,

ಮೂವತ್ತೊಂದು ವರ್ಷಗಳ ನಂತರ ನಿನ್ನನ್ನು ಈ ಹೆಸರಿನಿಂದ ಕರೆಯುತ್ತಿದ್ದೇನೆ. ಎಲ್ಲರೂ ನಿನ್ನನ್ನು ಪ್ರೊಫೆಸರ್ ಎನ್ನುತ್ತಾರೆ, ಮೇಡಂ ಎನ್ನುತ್ತಾರೆ. ಮೆಟ್ಟಿಲ ಪಕ್ಕದ ನಿನ್ನ ಫೋಟೋದ ಕೆಳಗೆ ಇನ್ನೂ ಏನೇನೋ ಬರೆದಿದ್ದಾರೆ. ನಿನ್ನ ಗೊರಕೆಗೆ ಹಾಸ್ಟೆಲಿನ ಕಿಟಕಿ ಗಾಜು ನಡುಗುತ್ತಿತ್ತು ಎನ್ನುವುದಕ್ಕೆ ಉಳಿದಿರುವ ಸಾಕ್ಷಿ ನಾನೊಬ್ಬಳೇ. ಆ ಸಂಗತಿ ನಿನ್ನ ಕಾಗದಪತ್ರಗಳಲ್ಲಿ ಎಲ್ಲೂ ಇಲ್ಲ. ನೂರಹನ್ನೆರಡು ಪೆಟ್ಟಿಗೆಗಳನ್ನೂ ತೆರೆದು ನೋಡಿಯೇ ಹೇಳುತ್ತಿದ್ದೇನೆ.

ನಿನ್ನ ಪತ್ರ ಸೋಮವಾರ ತಲುಪಿತು. ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿದ್ದು, ಕೆಳಗೆ ಸಹಿ, ಜೊತೆಗೆ ಭರ್ತಿ ಮಾಡಿದ ಫಾರಂ. ಏಳನೇ ನಂಬರಿನ ನೋಟ್‌ಬುಕ್ಕನ್ನು ಸಂಗ್ರಹದಿಂದ ತೆಗೆಯಬೇಕು, ಐವತ್ತು ವರ್ಷ ಯಾರಿಗೂ ತೋರಿಸಬಾರದು ಎಂದು ಬರೆದಿದ್ದೀಯ. ಆಗಲಿ ತಾಯಿ, ತೆಗೆದಿದ್ದೇನೆ. ಒಂದು ಸಾಲಿನ ಉತ್ತರ ಸಾಕಾಗುತ್ತಿತ್ತು. ಆದರೆ ನನ್ನನ್ನು ಈ ಕೆಲಸಕ್ಕೆ ತೆಗೆದುಕೊಂಡವಳಿಗೆ ಕೆಲಸ ಹೇಗೆ ನಡೆಯಿತೆಂದು ಹೇಳದೆ ಹೋದರೆ ತಪ್ಪಾಗುತ್ತದೆ.

ಆ ಸಂದರ್ಶನ ನೆನಪಿದೆಯೇ? ನಿನ್ನ ಕಾಗದಗಳನ್ನು ಪಟ್ಟಿ ಮಾಡಿ, ಕೆಡದಂತೆ ಕಾಪಾಡಿ, ಕಂಪ್ಯೂಟರಿಗೆ ಏರಿಸಲು ಜನ ಬೇಕು ಎಂಬ ಜಾಹೀರಾತನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೆ. ನಗರಸಭೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಜನನ ಮರಣ ಜೋಡಿಸಿದವಳು ಐವತ್ತಾರನೇ ವಯಸ್ಸಿನಲ್ಲಿ ಯಾಕೆ ಇಲ್ಲಿಗೆ ಬರಬೇಕು ಎಂದು ನಿರ್ದೇಶಕರು ಕೇಳಿದರು. ವಿಜ್ಞಾನಿಗಳ ಕೈಬರಹ ಅಂದರೆ ನನಗೆ ಇಷ್ಟ ಅಂದೆ. ನೀನು ನನ್ನ ಅರ್ಜಿಯಿಂದ ತಲೆ ಎತ್ತಲಿಲ್ಲ. ಕೊನೆಗೆ, ಧೂಳಿನಿಂದ ತೊಂದರೆ ಆಗುತ್ತಾ ಅಂತ ಒಂದೇ ಒಂದು ಪ್ರಶ್ನೆ ಕೇಳಿದೆ. ಇಲ್ಲ ಮೇಡಂ, ಕಣ್ಣಿಗೆ ಮಣ್ಣೆರಚಿಸಿಕೊಂಡು ಅಭ್ಯಾಸ ಇದೆ ಅಂದೆ. ನಿರ್ದೇಶಕರು ನಕ್ಕರು, ಪಾಪ, ಅವರಿಗೇನು ಗೊತ್ತು.

ನನ್ನ ಹೆಸರನ್ನು ಪಟ್ಟು ಹಿಡಿದು ಆರಿಸಿದವಳು ನೀನೇ ಎಂದು ಆಮೇಲೆ ತಿಳಿಯಿತು. ಅನ್ನ ಹಾಕಿದ ಕೈಯನ್ನು ಕಚ್ಚುವುದಿಲ್ಲ, ಇವಳ ಬಾಯಿ ಕಟ್ಟಿಹಾಕಿದ ಹಾಗಾಯಿತು ಎಂದು ಲೆಕ್ಕ ಹಾಕಿದ್ದೆ ಅಲ್ಲವೇ? ಕುರಿ ಕಾಯಲು ತೋಳವನ್ನು ಇಟ್ಟುಕೊಂಡೆ ಕಣೇ. ಆದೇಶ ಕೈಗೆ ಬಂದ ದಿನ ನನಗೆ ಎಷ್ಟು ಖುಷಿಯಾಯಿತು ಎಂದರೆ, ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ನಕ್ಕುಬಿಟ್ಟೆ.

ಏಳನೇ ನೋಟ್‌ಬುಕ್ ಎಲ್ಲಿ ಸಿಕ್ಕಿತೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಉಳಿದ ನೋಟ್‌ಬುಕ್ಕುಗಳ ಜೊತೆ ಅದು ಇರಲಿಲ್ಲ. ನಲವತ್ತಮೂರನೇ ಪೆಟ್ಟಿಗೆಯಲ್ಲಿ, ನಿನ್ನ ಚಿನ್ನದ ಪದಕದ ಡಬ್ಬಿಯ ಕೆಳಗೆ, ನೀಲಿ ದಿಂಬಿನ ಚೀಲದಲ್ಲಿ ಸುತ್ತಿ ಇಟ್ಟಿತ್ತು. ಚೀಲದ ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ೨೭. ಬಟ್ಟೆ ಒಗೆಯುವವಳಿಗೆ ಗುರುತು ಸಿಗಲೆಂದು ನನ್ನಮ್ಮ ಹೊಲಿದುಕೊಟ್ಟ ನಂಬರು. ಪುಸ್ತಕ ಹೋಗಲಿ, ದಿಂಬಿನ ಚೀಲವನ್ನೂ ಬಿಡಲಿಲ್ಲವಲ್ಲೇ ನೀನು!

ಪುಟ ತೆರೆದೆ. ಹನ್ನೊಂದು ತಿಂಗಳು ಪ್ರಯೋಗಾಲಯದ ಹಿಂದಿನ ಗೋಡೆಯ ಬುಡದಲ್ಲಿ ಮಂಡಿಯೂರಿ ಕೂತವಳು ನಾನು. ಹುಲ್ಲುಕಡ್ಡಿಯ ತುದಿಯಿಂದ ಒಂದೊಂದು ಇರುವೆಯ ಬೆನ್ನಿಗೂ ಬಣ್ಣದ ಚುಕ್ಕೆ ಇಟ್ಟವಳು ನಾನು, ಅದಕ್ಕೇ ನೀನು ನನಗೆ ಚುಕ್ಕಿ ಎಂದು ಹೆಸರಿಟ್ಟದ್ದು. ಬಾಯಲ್ಲಿ ಏನೂ ಹೊರದ ಇರುವೆಗಳು ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲುವುದನ್ನು ಇಪ್ಪತ್ತೆರಡು ಸಾವಿರ ಸಲ ಎಣಿಸಿ ಬರೆದವಳೂ ನಾನೇ. ಅಮ್ಮನಿಗೆ ಹುಷಾರಿಲ್ಲವೆಂದು ಮೂರು ತಿಂಗಳು ಮನೆಗೆ ಹೋದೆ. ಅಮ್ಮನನ್ನು ಕಳೆದುಕೊಂಡು ತಿರುಗಿ ಬಂದರೆ ಆ ಎಣಿಕೆಯ ಮೇಲೆಯೇ ನಿನ್ನ ಲೇಖನ ಅಚ್ಚಾಗಿತ್ತು. ಬೆನ್ನು ತಟ್ಟಿಸಿಕೊಳ್ಳುತ್ತಾ ಕಾರಿಡಾರಿನಲ್ಲಿ ನಿಂತಿದ್ದೆ ನೀನು. ಲೇಖನದಲ್ಲಿ ನನ್ನ ಹೆಸರಿರಲಿಲ್ಲ, ಕೊನೆಯ ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ. ತೋಟದ ಮಾಲಿಯ ಹೆಸರಿತ್ತು.

ಕೇಳಿದಾಗ ನೀನು ಹೇಳಿದ್ದನ್ನು ನಾನು ಒಂದು ದಿನವೂ ಮರೆತಿಲ್ಲ. ಎಣಿಸೋದನ್ನ ಯಾರು ಬೇಕಾದರೂ ಮಾಡ್ತಾರೆ, ಯೋಚನೆ ನಂದು ಅಂದೆ. ಮರುದಿನವೇ ನಾನು ಸಂಶೋಧನೆ ಬಿಟ್ಟೆ. ಆ ನೋಟ್‌ಬುಕ್ ಕೊಡು ಎಂದಾಗ ಕಳೆದುಹೋಗಿದೆ ಅಂದಿದ್ದೆ ನೀನು. ಅಮ್ಮ ಹೋದ ದುಃಖಕ್ಕಿಂತ ಆ ಮಾತಿನ ಉರಿ ಹೆಚ್ಚು ದಿನ ಉಳಿಯಿತು ಎಂದು ಬರೆಯಲು ನನಗೇ ನಾಚಿಕೆಯಾಗುತ್ತದೆ. ಆದರೆ ನಿಜ.

ಇಲ್ಲಿ ಕಾಗದಗಳನ್ನು ಸ್ಕ್ಯಾನ್ ಮಾಡುವಾಕೆ ಚುರುಕು. ನಾನು ಕಡತಗಳ ಮೇಲೆ ಬರೆಯುವ ಅಕ್ಷರವನ್ನು ದಿನವೂ ನೋಡುತ್ತಾಳಲ್ಲ, ಮೂರನೇ ಪುಟಕ್ಕೇ ನಿಲ್ಲಿಸಿ, ಅಕ್ಕ, ಇದು ನಿಮ್ಮ ಕೈಬರಹದ ಹಾಗೇ ಇದೆಯಲ್ಲ ಅಂದಳು. ನಮ್ಮ ಕಾಲದಲ್ಲಿ ಎಲ್ಲರೂ ಹೀಗೇ ಬರೀತಿದ್ವಿ ಅಂದೆ. ಅವಳು ನಂಬಲಿಲ್ಲ, ಆದರೂ ಮುಂದಿನ ಪುಟ ತಿರುವಿದಳು.

ನಾನು ನಿನಗೆ ಅನ್ಯಾಯ ಮಾಡಿಲ್ಲ. ಏಳನೇ ನಂಬರಿನದು ಸಿಕ್ಕಿದೆ, ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದೆ. ಲಿಫ್ಟಿನ ಬಾಗಿಲಲ್ಲಿ ಅಡ್ಡ ನಿಂತು, ಫಾರಂಗೆ ಸಹಿ ಹಾಕುವ ಮೊದಲು ಒಂದ್ಸಲ ಕೆಳಗೆ ಬಂದು ಅದನ್ನ ನೋಡು ಅಂದೆ. ಚೀಟಿ ಬರೆದೂ ಕಳಿಸಿದೆ. ಮೂರು ಸಲವೂ ನಿನ್ನದು ಒಂದೇ ಉತ್ತರ, ಹಳೇ ಕಸ, ಅದರಲ್ಲಿ ನೋಡೋದೇನಿದೆ. ಸರಿ, ನಿನ್ನಿಷ್ಟ.

ಈಗ ನಮ್ಮ ಕಸುಬಿನ ಒಂದು ಪದ್ಧತಿ ಹೇಳುತ್ತೇನೆ. ಪ್ರೊಫೆಸರುಗಳಿಗೆ ಇದು ಗೊತ್ತಿರುವುದಿಲ್ಲ. ಕಾಗದಗಳು ಸಿಕ್ಕ ಕ್ರಮ ಕೆಡಬಾರದು. ಏನನ್ನಾದರೂ ತೆಗೆದರೆ ಆ ಜಾಗದಲ್ಲೇ ಒಂದು ಚೀಟಿ ಇಡಬೇಕು. ತೆಗೆದದ್ದು ಏನು, ಎಷ್ಟು ಪುಟ, ಯಾರ ಕೈಬರಹ, ಯಾರು ತೆಗೆಸಿದರು, ಎಲ್ಲವೂ ಅದರಲ್ಲಿರಬೇಕು. ನಿನ್ನ ಪದಕದ ಡಬ್ಬಿಯ ಕೆಳಗೆ ನಾನು ಇಟ್ಟ ಚೀಟಿ ಹೀಗಿದೆ: “ಇರುವೆಗಳ ಎಣಿಕೆಯ ನೋಟ್‌ಬುಕ್, ನಂ. ೭. ಪುಟ ೧೮೪. ಶಾಯಿಯ ಬರಹ ಪೂರ್ತಿಯಾಗಿ ಬೇರೊಬ್ಬರದು, ಪ್ರೊಫೆಸರರದಲ್ಲ. ಪ್ರೊಫೆಸರರ ಲಿಖಿತ ಕೋರಿಕೆಯ ಮೇರೆಗೆ ಐವತ್ತು ವರ್ಷ ಮುಚ್ಚಲಾಗಿದೆ.”

ಒಂದಕ್ಷರವೂ ಸುಳ್ಳಿಲ್ಲ, ನಿರ್ದೇಶಕರೂ ನೋಡಿ ಸಹಿ ಹಾಕಿದ್ದಾರೆ. ನೋಟ್‌ಬುಕ್ ಮುಚ್ಚಬಹುದು, ಚೀಟಿ ಮುಚ್ಚುವ ಹಾಗಿಲ್ಲ. ನೀನು ಕಳಿಸಿದ ಪತ್ರವೂ ಈಗ ಸಂಗ್ರಹದ ಕಾಗದವೇ ಆಯಿತು, ಅದಕ್ಕೂ ನಂಬರು ಬಿದ್ದಿದೆ. ಬರುವ ಸೋಮವಾರ ಹನ್ನೊಂದು ಗಂಟೆಗೆ ಎಲ್ಲವೂ ಜನರಿಗೆ ತೆರೆಯುತ್ತದೆ. ಪದಕ ನೋಡಬೇಕೆಂದು ಮಕ್ಕಳು ಕಂಪ್ಯೂಟರಿನಲ್ಲಿ ನಲವತ್ತಮೂರನೇ ಪೆಟ್ಟಿಗೆಯನ್ನು ಒತ್ತಿದರೆ ಮೊದಲು ಕಾಣುವುದು ಡಬ್ಬಿ, ಅದರ ಹಿಂದೆಯೇ ನನ್ನ ಚೀಟಿ. ಆಮೇಲೆ ಯಾರು ಬೇಕಾದರೂ ನಿನ್ನನ್ನು ಕೇಳಬಹುದು, ಯಾರದ್ದು ಮೇಡಂ ಆ ಕೈಬರಹ ಅಂತ. ಏನು ಹೇಳುತ್ತೀಯೋ ಈಗಲೇ ಯೋಚಿಸಿಟ್ಟುಕೋ. ಯೋಚನೆ ನಿನ್ನದಲ್ಲವೇ!

ದಿಂಬಿನ ಚೀಲವನ್ನು ನಾನು ಒಯ್ದಿದ್ದೇನೆ. ಅದಕ್ಕೂ ಚೀಟಿ ಇಟ್ಟಿದ್ದೇನೆ.

ಇಂತಿ ನಿನ್ನ ಕೋಣೆಯ ಗೆಳತಿ,
ಚುಕ್ಕಿ

ಮರೆತ ಮಾತು: ಶಾಯಿಯ ಬರಹ ಎಂದು ಯಾಕೆ ಬರೆದೆ ಎಂದು ನೀನು ಕೇಳುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ಪಕ್ಕಕ್ಕೆ ಸರಿದ ಇರುವೆಗಳಿಗೆಲ್ಲ ನಾನು ಅಡ್ಡಗೀಟು ಹಾಕಿ “ದಾರಿ ತಪ್ಪಿದವು” ಎಂದು ಬರೆದಿದ್ದೆ, ಅರವತ್ತು ಪುಟ ಹಾಗೇ. ಅರವತ್ತೊಂದನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿನ್ನ ಅಕ್ಷರ ಇದೆ, ಕೆಳಗೆ ತಾರೀಖು, ನಿನ್ನ ಸಹಿ. “ದಾರಿ ತಪ್ಪಿದ್ದಲ್ಲ ಕಣೇ, ಹೊರೆ ಹೊತ್ತವಳಿಗೆ ದಾರಿ ಬಿಡ್ತಾ ಇದಾಳೆ.” ಯೋಚನೆ ನಿನ್ನದೇ ಎನ್ನುವುದಕ್ಕೆ ಈ ಲೋಕದಲ್ಲಿ ಇದ್ದ ಸಾಕ್ಷಿ ಅದೊಂದೇ. ಮೂವತ್ತೊಂದು ವರ್ಷ ಹೆದರಿಕೆಯಿಂದ ನೀನು ಪುಸ್ತಕ ತೆರೆಯಲಿಲ್ಲ, ಆ ಸಾಲು ಬರೆದದ್ದನ್ನೇ ಮರೆತಿದ್ದೆ. ನಾನೂ ಮರೆತಿದ್ದೆ, ಅಥವಾ ಮರೆತೆನೆಂದು ಅಂದುಕೊಂಡಿದ್ದೆ. ನೀನು ಮೂರು ಸಲ ನೋಡೋದೇನಿದೆ ಅಂದಾಗ ನಾನು ಒಂದು ಸಲವಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಫಾರಂ ಮೇಲೆ ಸಹಿ ಬಿದ್ದ ಮೇಲೆ ಹಿಂತೆಗೆದುಕೊಳ್ಳುವ ಹಾಗಿಲ್ಲ. ಆ ನೋಟ್‌ಬುಕ್ ತೆರೆಯುವ ಹೊತ್ತಿಗೆ ನಮಗಿಬ್ಬರಿಗೂ ನೂರು ವರ್ಷ ದಾಟಿರುತ್ತದೆ. ನಿನ್ನ ಆ ಸಾಲಿನಲ್ಲಿ ಒಟ್ಟು ಎಂಟೇ ಪದ, ಎಣಿಸಿದ್ದೇನೆ. ಎಣಿಸೋದನ್ನ ಯಾರು ಬೇಕಾದರೂ ಮಾಡ್ತಾರೆ.